ಸ್ಟೂಡೆಂಟ್ಸ್ ಟಿ-ಟೆಸ್ಟ್: ಈ ‘ಸ್ಟೂಡೆಂಟ್’ ಯಾರು? ಹೆಸರು ಮುಚ್ಚಿಟ್ಟಿದ್ದೇಕೆ?

ಸಂಖ್ಯಾಶಾಸ್ತ್ರ ಓದಿದವರೆಲ್ಲರಿಗೂ ‘ಸ್ಟೂಡೆಂಟ್ಸ್ ಟಿ-ಟೆಸ್ಟ್’ ಗೊತ್ತು. ವಿದ್ಯಾರ್ಥಿಗಳಿಗೆಂದು ಸರಳ ಮಾಡಿದ ಪರೀಕ್ಷೆಯಾದ್ದರಿಂದ ಈ ಹೆಸರು ಬಂತು ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ‘ಸ್ಟೂಡೆಂಟ್’ ಎಂಬುದು ಒಬ್ಬ ವ್ಯಕ್ತಿಯ ಗುಪ್ತನಾಮ. ಆತನ ನಿಜವಾದ ಹೆಸರು ವಿಲಿಯಂ ಸೀಲಿ ಗಾಸೆಟ್. ಕೆಲಸ, ಬಿಯರ್ ಕಂಪನಿಯಲ್ಲಿ ನೌಕರಿ.

ಬರಹಗಾರರು ಹೆಸರು ಮರೆಸಲು ಕಾರಣಗಳು ಹಲವು. ಕೆಲವರಿಗೆ ಸರ್ಕಾರದ ಭಯ. ಹೆಂಗಸು ಬರೆದದ್ದೆಂದು ಜನ ಹಗುರವಾಗಿ ಕಂಡಾರು ಎಂಬ ಅಳುಕಿನಿಂದ ಷಾರ್ಲೆಟ್ ಬ್ರಾಂಟೆ 1847ರಲ್ಲಿ ‘ಕರರ್ ಬೆಲ್’ ಎಂಬ ಹೆಸರಿನಲ್ಲಿ ಕಾದಂಬರಿ ಪ್ರಕಟಿಸಿದರು. ಗಾಸೆಟ್ ಅವರ ಕಾರಣ ಬೇರೆ. ಸಂಬಳ ಕೊಡುವ ಕಂಪನಿಗೆ ಅವರ ಹೆಸರು ಹೊರಬರುವುದು ಬೇಕಿರಲಿಲ್ಲ.

ಗಾಸೆಟ್ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ, 1899ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಗಿನ್ನೆಸ್ ಕಂಪನಿಗೆ ಸೇರಿದರು. ಅದು ಆಗ ಜಗತ್ತಿನ ಅತಿ ದೊಡ್ಡ ಬಿಯರ್ ಕಾರ್ಖಾನೆಗಳಲ್ಲಿ ಒಂದು. ಅನುಭವಿಗಳ ಕಣ್ಣಂದಾಜು, ಮೂಗಿನಂದಾಜುಗಳಷ್ಟೇ ಸಾಲದು ಎಂದು ಮನಗಂಡು, ವಿಜ್ಞಾನ ಓದಿದ ಯುವಕರನ್ನು ಅದು ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು.

ಅಲ್ಲಿ ಗಾಸೆಟ್ ಅವರಿಗೆ ಎದುರಾದ ತೊಡಕು ನಮ್ಮ ಅಡುಗೆಮನೆಯಲ್ಲೂ ಇರುವಂಥದ್ದೇ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಚುಕುತ್ತೇವೆ. ಪಾತ್ರೆಯ ಅನ್ನವೆಲ್ಲ ಒಂದೇ ಹದದಲ್ಲಿ ಬೇಯುವುದರಿಂದ ಅಷ್ಟು ಸಾಕು. ಬಾರ್ಲಿ ಹಾಗಲ್ಲ. ಹೊಲದಿಂದ ಹೊಲಕ್ಕೆ, ವರ್ಷದಿಂದ ವರ್ಷಕ್ಕೆ ಅದರ ಗುಣ ಬದಲಾಗುತ್ತದೆ. ಒಂದು ತಳಿ ಇನ್ನೊಂದಕ್ಕಿಂತ ಮೇಲೋ ಅಲ್ಲವೋ ಎಂದು ತಿಳಿಯಲು ನೂರಾರು ಹೊಲಗಳಲ್ಲಿ ಬಿತ್ತಿ ನೋಡುವುದು ಆಗದ ಮಾತು. ಕೈಗೆ ಸಿಗುವುದು ನಾಲ್ಕೈದು ಅಳತೆಗಳು ಮಾತ್ರ. ಅಷ್ಟನ್ನೇ ಎಷ್ಟರಮಟ್ಟಿಗೆ ನಂಬಬಹುದು? ತಪ್ಪು ತೀರ್ಮಾನ ಮಾಡಿದರೆ ನಷ್ಟ ಬರುವುದು ಖಂಡಿತ.

ಆ ಕಾಲದ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಆಗಿನ ದೊಡ್ಡ ವಿದ್ವಾಂಸ ಕಾರ್ಲ್ ಪಿಯರ್ಸನ್ ಅವರ ವಿಧಾನಗಳು ನೂರಾರು, ಸಾವಿರಾರು ಅಳತೆಗಳಿದ್ದಾಗ ಕೆಲಸ ಮಾಡುವಂಥವು. ಗಾಸೆಟ್ 1905ರಲ್ಲಿ ಪಿಯರ್ಸನ್ ಅವರನ್ನು ಭೇಟಿಯಾದರು. ಮರುವರ್ಷ ಕಂಪನಿಯೇ ಅವರನ್ನು ಲಂಡನ್‌ನ ಪಿಯರ್ಸನ್ ಪ್ರಯೋಗಾಲಯಕ್ಕೆ ಕಲಿಯಲು ಕಳಿಸಿತು.

ಅಲ್ಲಿ ಅವರು ಮಾಡಿದ ಒಂದು ಪ್ರಯೋಗ ಪ್ರಸಿದ್ಧ. 3000 ಕೈದಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ಅಳತೆಗಳು ಆಗಲೇ ಪ್ರಕಟವಾಗಿದ್ದವು. ಅವನ್ನು 3000 ರಟ್ಟಿನ ಚೂರುಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಪ್ರತಿ ಗುಂಪಿನ ಸರಾಸರಿ ನಿಜವಾದ ಸರಾಸರಿಯಿಂದ ಎಷ್ಟು ದೂರ ಸರಿಯುತ್ತದೆ ಎಂದು ಲೆಕ್ಕ ಹಾಕಿ, ತಮ್ಮ ಗಣಿತದೊಂದಿಗೆ ತಾಳೆ ನೋಡಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಷ್ಟೂ ಕೈಯಿಂದಲೇ ಮಾಡಿದ ಕೆಲಸ.

ಅವರು ಕಂಡುಕೊಂಡದ್ದು ಇದು: ಅಳತೆಗಳು ಕಡಿಮೆಯಿದ್ದರೆ ಸರಾಸರಿಯಷ್ಟೇ ಅಲ್ಲ, ಏರಿಳಿತ ಎಷ್ಟು ಎಂಬ ನಮ್ಮ ಅಂದಾಜೂ ತಪ್ಪಿರಬಹುದು. ಆದ್ದರಿಂದ ಇನ್ನಷ್ಟು ಎಚ್ಚರ ಬೇಕು. ಅಳತೆಗಳು ಬಹಳ ಇದ್ದಾಗ, ಶೇಕಡ 95ರಷ್ಟು ಭರವಸೆ ಬೇಕೆಂದರೆ ಸರಾಸರಿಯ ಎರಡೂ ಬದಿಗೆ ಪ್ರಮಾಣಿತ ದೋಷದ 1.96 ಪಟ್ಟು ಅಂತರ ಬಿಡಬೇಕು. ನಾಲ್ಕೇ ಅಳತೆಗಳಿದ್ದರೆ 3.18 ಪಟ್ಟು ಬಿಡಬೇಕು. ಅಳತೆಗಳು 30 ಆದರೆ ಈ ಸಂಖ್ಯೆ 2.05ಕ್ಕೆ ಇಳಿಯುತ್ತದೆ. ಎಷ್ಟು ಗೊತ್ತಿಲ್ಲವೋ ಅಷ್ಟು ಜಾಗ ಬಿಡು ಎಂಬುದೇ ಇದರ ಸಾರ.

ಇದನ್ನು ಪ್ರಕಟಿಸುವುದು ಹೇಗೆ? ಗಿನ್ನೆಸ್ ನೌಕರರು ಸಂಶೋಧನೆಯನ್ನು ಹೊರಗೆ ಹೇಳುವಂತಿರಲಿಲ್ಲ. ಕಾರ್ಖಾನೆಯ ಗುಟ್ಟು ಪ್ರತಿಸ್ಪರ್ಧಿಗಳಿಗೆ ಸಿಕ್ಕೀತು ಎಂಬ ಭಯ. ಬಿಯರ್ ಮಾಡಲು ಸಂಖ್ಯಾಶಾಸ್ತ್ರ ಬಳಸುತ್ತಾರೆ ಎಂಬುದೇ ಒಂದು ಗುಟ್ಟು. ಕೊನೆಗೆ, ಲೇಖಕನ ಹೆಸರಾಗಲಿ ಕಂಪನಿಯ ವಿಷಯವಾಗಲಿ ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. 1907ರಲ್ಲಿ ಯೀಸ್ಟ್ ಕೋಶಗಳ ಎಣಿಕೆಯ ಬಗ್ಗೆ, 1908ರಲ್ಲಿ ಸರಾಸರಿಯ ದೋಷದ ಬಗ್ಗೆ, ಪಿಯರ್ಸನ್ ಅವರ ‘ಬಯೋಮೆಟ್ರಿಕಾ’ ಪತ್ರಿಕೆಯಲ್ಲಿ ‘ಸ್ಟೂಡೆಂಟ್’ ಹೆಸರಿನ ಲೇಖನಗಳು ಬಂದವು. ಎರಡನೆಯದರಲ್ಲಿ ಕೈದಿಗಳ ಬೆರಳಿನ ಅಳತೆ ಇತ್ತು, ನಿದ್ರೆಯ ಔಷಧಿ ಪಡೆದ 10 ರೋಗಿಗಳ ಲೆಕ್ಕವಿತ್ತು, ಬಿಯರ್ ಮಾತ್ರ ಇರಲಿಲ್ಲ.

ಆ ಲೇಖನಕ್ಕೆ ಮೊದಲು ಹೆಚ್ಚು ಗಮನ ಸಿಗಲಿಲ್ಲ. ದೊಡ್ಡ ಮಾದರಿಗಳ ಪಿಯರ್ಸನ್ ಅವರಿಗೆ ಸಣ್ಣ ಮಾದರಿಗಳ ಗೊಡವೆ ಬೇಕಿರಲಿಲ್ಲ. ಅದರ ಬೆಲೆ ಅರಿತವರು ರೊನಾಲ್ಡ್ ಫಿಶರ್. ಗಾಸೆಟ್ ಅವರ ಗಣಿತಕ್ಕೆ ಗಟ್ಟಿಯಾದ ಸಾಧನೆ ಒದಗಿಸಿ, 1925ರ ತಮ್ಮ ಪುಸ್ತಕದ ಮೂಲಕ ಟಿ-ಪರೀಕ್ಷೆಯನ್ನು ಸಂಶೋಧಕರಿಗೆಲ್ಲ ತಲುಪಿಸಿದರು. ಫಿಶರ್ ಮತ್ತು ಪಿಯರ್ಸನ್ ಬದ್ಧ ವಿರೋಧಿಗಳು. ಗಾಸೆಟ್ ಇಬ್ಬರಿಗೂ ಸ್ನೇಹಿತರಾಗಿಯೇ ಉಳಿದರು.

ಕೊನೆಯವರೆಗೂ ಅವರು ಗಿನ್ನೆಸ್ ನೌಕರರೇ. 1935ರಲ್ಲಿ ಕಂಪನಿಯ ಹೊಸ ಕಾರ್ಖಾನೆಗಾಗಿ ಲಂಡನ್‌ಗೆ ಬಂದರು, 1937ರ ಅಕ್ಟೋಬರ್‌ನಲ್ಲಿ 61ನೇ ವಯಸ್ಸಿನಲ್ಲಿ ತೀರಿಕೊಂಡರು. 1942ರಲ್ಲಿ ಅವರ ಲೇಖನಗಳ ಸಂಗ್ರಹ ಬಂದಾಗಲೂ ಶೀರ್ಷಿಕೆಯಲ್ಲಿ ಇದ್ದದ್ದು ‘ಸ್ಟೂಡೆಂಟ್’ ಹೆಸರೇ.

ಹಾಗಾದರೆ ಗುಪ್ತನಾಮದಿಂದ ಒಳಿತಾಯಿತೇ, ಕೆಡುಕಾಯಿತೇ? ಆ ಹೆಸರಿಲ್ಲದಿದ್ದರೆ ಲೇಖನವೇ ಹೊರಬರುತ್ತಿರಲಿಲ್ಲ, ಬೇರೆಯವರು ಅದನ್ನು ಕಂಡುಕೊಳ್ಳುವವರೆಗೆ ಕಾಯಬೇಕಿತ್ತು. ಆದರೆ ಬರೆದವನಿಗೆ ಸಂಬಳ ಕೊಡುವವರು ಯಾರು ಎಂದು ಓದುಗರಿಗೆ ತಿಳಿಯಲಿಲ್ಲ. ಗಣಿತದ ಸೂತ್ರಕ್ಕೆ ಇದರಿಂದ ತೊಂದರೆಯಿಲ್ಲ, ಯಾರು ಬೇಕಾದರೂ ಅದನ್ನು ಪರೀಕ್ಷಿಸಿ ನೋಡಬಹುದು. ಔಷಧಿಯ ಪ್ರಯೋಗವಾದರೆ ಹಾಗಲ್ಲ. ಅದಕ್ಕೇ ಇಂದಿನ ವೈದ್ಯಕೀಯ ಪತ್ರಿಕೆಗಳು ಲೇಖಕರ ಹೆಸರಿನ ಜೊತೆಗೆ ಹಣ ಕೊಟ್ಟವರ ಹೆಸರನ್ನೂ ಕೇಳುತ್ತವೆ. ಅಂಥ ಪ್ರಯೋಗಗಳ ಫಲಿತಾಂಶವನ್ನು ತೂಗಲು ಇಂದಿಗೂ ಬಳಸುವ ಸಾಧನಗಳಲ್ಲಿ ಹೆಸರು ಹೇಳದ ಆ ನೌಕರನ ಟಿ-ಪರೀಕ್ಷೆಯೂ ಒಂದು.