ಲೆಕ್ಕ ಬಲ್ಲ ಜೆ. ಸಿ. ಕುಮಾರಪ್ಪನವರು

ಕುಮಾರಪ್ಪ ಅಂದ ಕೂಡಲೇ ನಮ್ಮ ಸೀಮೆಯವರೇ ಯಾರೋ ಅಂದುಕೊಳ್ಳಬೇಡಿ. ಇವರು 1892ರ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಮುಂಬಯಿಯಲ್ಲಿ ಸೂಟು ಬೂಟಿನ ಆಡಿಟರ್ ಆಗಿ ಚೆನ್ನಾಗಿಯೇ ಸಂಪಾದಿಸುತ್ತಿದ್ದರು. ಆಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ, ಬ್ರಿಟಿಷ್ ಸರ್ಕಾರ ನಮ್ಮಿಂದ ಎತ್ತಿದ ತೆರಿಗೆ ಎಲ್ಲಿ ಹೋಗ್ತದೆ ಅಂತ ಲೆಕ್ಕ ಹಾಕಿದರು. ಅಲ್ಲಿಗೆ ಅವರ ದಾರಿಯೇ ಬೇರೆಯಾಯಿತು.

1929ರಲ್ಲಿ ಗಾಂಧೀಜಿಯವರನ್ನು ಕಂಡರು. ಗಾಂಧೀಜಿ ಅವರನ್ನು ಕಳಿಸಿದ್ದು ಗುಜರಾತಿನ ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿಗೆ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗಿ ರೈತನ ಆದಾಯ, ಸಾಲ, ಕಂದಾಯ ಎಲ್ಲಾ ಬರೆದುಕೊಂಡರು. 1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿದಾಗ ವಾರ್ಧಾದ ಮಗನವಾಡಿಯಲ್ಲಿ ಅದನ್ನು ನಡೆಸಿದವರು ಇವರೇ. ಗಾಣ, ಜೇನು, ಕೈಕಾಗದ, ಕುಟ್ಟಿದಕ್ಕಿ ಎಲ್ಲಾ ಅಲ್ಲಿತ್ತು. ಸೀಮೆಎಣ್ಣೆ ಬದಲು ಗಾಣದ ಎಣ್ಣೆಯಲ್ಲಿ ಉರಿಯುವ ಮಗನದೀಪವನ್ನೂ ಅಲ್ಲಿ ಮಾಡಿದರು.

ಆ ದೀಪದ ಹಿಂದೆ ಒಂದು ವಿಚಾರವಿದೆ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಯಾಗಿ ಜಬಲ್ಪುರ ಜೈಲಿನಲ್ಲಿದ್ದಾಗ ಶಾಶ್ವತದ ಅರ್ಥವ್ಯವಸ್ಥೆ ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, 1945ರಲ್ಲಿ ಅಚ್ಚಾಯಿತು. ಕಲ್ಲಿದ್ದಲು, ಎಣ್ಣೆ ಇವೆಲ್ಲ ತುಂಬಿಟ್ಟ ಕಣಜ, ತೆಗೆದಷ್ಟೂ ಬರಿದಾಗ್ತದೆ. ಮಳೆ, ಬೆಳೆ, ಕಾಡು ವರ್ಷ ವರ್ಷ ಬರುವ ಹುಟ್ಟುವಳಿ ಎಂದು ಬೇರೆ ಮಾಡಿ ತೋರಿಸಿದರು. ಮಲಬಾರಿನಲ್ಲಿ ಭತ್ತದ ಗದ್ದೆ ತೆಂಗಿನ ತೋಟವಾಗಿ, ಕಾಯಿಎಣ್ಣೆ ಸಾಬೂನು ಕಾರ್ಖಾನೆಗೆ ಹೋಗುವುದನ್ನು ಕಂಡು ಸಿಟ್ಟಾದರು. ದುಡ್ಡು ಓಡಾಡಿತು ನಿಜ, ಉಣ್ಣುವ ಅನ್ನ?

ನಮ್ಮ ಸಂಘದಲ್ಲಿ ಷೇರು ಹಣವನ್ನೇ ಲಾಭಾಂಶ ಅಂತ ಹಂಚಿದರೆ ಆಡಿಟರ್ ಬಿಟ್ಟಾರೆಯೇ? ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ನಡೆಯುವುದು ಹೆಚ್ಚುಕಡಿಮೆ ಅದೇ. ಬೋರ್‌ವೆಲ್ ಕೊರೆಸಿದ ಖರ್ಚೂ ಅದರಲ್ಲಿ ಜಮಾ, ಬೆಳೆದ ಬೆಳೆಯೂ ಜಮಾ. ಕೆಳಗಿಳಿದ ಅಂತರ್ಜಲ ಮಾತ್ರ ಖರ್ಚಿನ ಕಡೆ ಬೀಳುವುದಿಲ್ಲ. ಬತ್ತಿದ ಬಾವಿ ಪಕ್ಕ ಇನ್ನೊಂದು ಕೊರೆಸಿದರೆ ದೇಶ ಇನ್ನಷ್ಟು ಬೆಳೆಯಿತು ಎಂದೇ ಲೆಕ್ಕ! ಬಯಲುಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲದ ಕಂತು ಕಟ್ಟುವವರು ಅವರೇ.

ಅವರು ಹೇಳಿದ್ದೆಲ್ಲ ಒಪ್ಪಬೇಕೆಂದೇನಿಲ್ಲ. ಅಕ್ಕಿ ಗಿರಣಿ ಬೇಡ ಅಂದರೆ ನಮ್ಮ ಹೆಣ್ಣುಮಕ್ಕಳು ಒನಕೆ ಹಿಡಿದಾರೆಯೇ? ಸ್ವಭಾವವೂ ಸ್ವಲ್ಪ ಖಾರ. ನೆಹರೂ ಅಧ್ಯಕ್ಷತೆಯ ರಾಷ್ಟ್ರೀಯ ಯೋಜನಾ ಸಮಿತಿಯಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ, ದೊಡ್ಡ ಕಾರ್ಖಾನೆಗಳ ದಾರಿ ಸರಿಬರದೆ ಹೊರಬಂದರು. ಆದರೂ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. 1949ರ ಆ ವರದಿಯಲ್ಲಿ ಉಳುವವನಿಗೆ ಭೂಮಿ ಸಿಗಬೇಕೆಂಬ ಮಾತೂ ಇದೆ, ಸಾಲಕ್ಕೆ ಮಾರಾಟಕ್ಕೆ ಸಣ್ಣ ರೈತನಿಗೆ ವಿವಿಧೋದ್ದೇಶ ಸಹಕಾರ ಸಂಘ ಬೇಕೆಂಬ ಮಾತೂ ಇದೆ.

ಮದುವೆಯಾಗಲಿಲ್ಲ. ಕೊನೆಯ ವರ್ಷಗಳನ್ನು ಮದುರೆ ಬಳಿಯ ಕಲ್ಲುಪಟ್ಟಿಯ ಗಾಂಧಿ ನಿಕೇತನ ಆಶ್ರಮದಲ್ಲಿ ಕಳೆದರು. 1960ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನವೇ, ಮದರಾಸಿನಲ್ಲಿ ತೀರಿಕೊಂಡರು.