ಸಿಪ್ರಿಯನ್: ದೀಕ್ಷಾಸ್ನಾನದ ಮಾತು ಮತ್ತು ಸಭೆಯ ಅಧಿಕಾರ

ಕ್ರಿ.ಶ. ಮೂರನೆಯ ಶತಮಾನದ ಲ್ಯಾಟಿನ್ ಕ್ರೈಸ್ತ ಚಿಂತನೆಯಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಬಿಷಪ್ ಸಿಪ್ರಿಯನ್‌ಗೆ ವಿಶಿಷ್ಟ ಸ್ಥಾನವಿದೆ. ವಾಕ್ಕಲೆಯ ಶಿಕ್ಷಕನಾಗಿದ್ದ ಆತನು ಸುಮಾರು 246ರಲ್ಲಿ ದೀಕ್ಷಾಸ್ನಾನ ಪಡೆದು, ಎರಡು ಮೂರು ವರ್ಷಗಳಲ್ಲಿಯೇ ಬಿಷಪ್ ಪದವಿಗೇರಿದನು. ಮಾತನ್ನೇ ವೃತ್ತಿಯಾಗಿಸಿಕೊಂಡಿದ್ದವನ ಕೊನೆಯ ದೊಡ್ಡ ವಿವಾದವೂ ಮಾತಿಗೆ ಸಂಬಂಧಿಸಿದ್ದೇ ಆಗಿತ್ತು. ದೀಕ್ಷೆಯ ಮಾತಿಗೆ ಬಲ ಒದಗುವುದು ಆ ಮಾತಿನಿಂದಲೋ, ಅದನ್ನಾಡುವ ಸಮುದಾಯದಿಂದಲೋ ಎಂಬುದು ಅದರ ತಿರುಳು.

250ರಲ್ಲಿ ಚಕ್ರವರ್ತಿ ಡೇಸಿಯಸ್ ಎಲ್ಲ ಪ್ರಜೆಗಳೂ ರೋಮಿನ ದೇವತೆಗಳಿಗೆ ಬಲಿಯರ್ಪಿಸಬೇಕೆಂಬ ಆಜ್ಞೆಯನ್ನು ಜಾರಿಗೊಳಿಸಿದನು. ಸಿಪ್ರಿಯನ್ ತಲೆಮರೆಸಿಕೊಂಡು ಪತ್ರಗಳ ಮೂಲಕ ಸಭೆಯನ್ನು ನಡೆಸಿದನು. ಅನೇಕರು ಭಯದಿಂದ ಬಲಿಯರ್ಪಿಸಿದ್ದರು. ಅವರನ್ನು ಮತ್ತೆ ಸೇರಿಸಿಕೊಳ್ಳುವುದನ್ನು ವಿರೋಧಿಸಿದ ನೊವೇಷಿಯನ್ 251ರಲ್ಲಿ ರೋಮಿನಲ್ಲಿ ಪ್ರತಿಸ್ಪರ್ಧಿ ಬಿಷಪ್ ಆದನು. ಅವನ ಪಂಗಡದಲ್ಲಿ ದೀಕ್ಷೆ ಪಡೆದು ಮರಳಿ ಬಂದವರಿಗೆ ಪುನಃ ದೀಕ್ಷೆ ನೀಡಬೇಕೇ ಎಂಬ ಪ್ರಶ್ನೆ ಉದ್ಭವಿಸಿತು.

ಅಂದಿನ ಲ್ಯಾಟಿನ್ ವಿಧಿಯಲ್ಲಿ ದೀಕ್ಷಾರ್ಥಿಗೆ ಪಿತ, ಸುತ, ಪವಿತ್ರಾತ್ಮರ ಮೇಲಿನ ವಿಶ್ವಾಸವನ್ನು ಕುರಿತು ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ನೊವೇಷಿಯನ್‌ನ ಪ್ರಶ್ನೆಗಳು ಕಾರ್ಥೇಜಿನವಕ್ಕಿಂತ ಭಿನ್ನವಾಗಿರಲಿಲ್ಲವೆಂಬುದು ಎದುರಾಳಿಗಳ ವಾದ. ಸಿಪ್ರಿಯನ್ ಇದಕ್ಕೆ ಆ ಪ್ರಶ್ನೆಗಳೊಳಗಿಂದಲೇ ಉತ್ತರ ಕಂಡುಕೊಂಡನು. ಪವಿತ್ರ ಸಭೆಯ ಮೂಲಕ ಪಾಪಕ್ಷಮೆ ದೊರೆಯುವುದೆಂಬ ನಂಬಿಕೆಯೂ ಅವುಗಳಲ್ಲಿ ಸೇರಿತ್ತು. ಸಭೆಯೇ ಇಲ್ಲದವರು ಅದನ್ನು ಕೇಳಿದರೆ ಪ್ರಶ್ನೆಯೇ ಸುಳ್ಳಾಗುತ್ತದೆಂದು ಆತನು ವಾದಿಸಿದನು. ಪುನರ್ದೀಕ್ಷೆ ಎಂಬ ಪದವನ್ನೂ ಒಪ್ಪಲಿಲ್ಲ. ಹೊರಗೆ ನಡೆದದ್ದು ದೀಕ್ಷೆಯೇ ಅಲ್ಲವಾದ್ದರಿಂದ ಸಭೆಯಲ್ಲಿ ದೊರೆಯುವುದೇ ಮೊದಲನೆಯದೆಂಬುದು ಆತನ ನಿಲುವು.

ರೋಮಿನ ಬಿಷಪ್ ಸ್ಟೀಫನ್ (254–257) ಹಸ್ತನಿಕ್ಷೇಪವೊಂದೇ ಸಾಕೆಂದನು. ಕ್ರಿಸ್ತನ ಹೆಸರಿನಲ್ಲಿ ಎಲ್ಲಿಯೇ ನಡೆದರೂ ದೀಕ್ಷೆ ಫಲಕಾರಿಯೆಂಬುದು ಆತನ ವಾದವೆಂದು ತಿಳಿದುಬರುತ್ತದೆ. ಆದರೆ ಸ್ಟೀಫನ್‌ನ ಮಾತುಗಳು ಉಳಿದಿರುವುದು ಮುಖ್ಯವಾಗಿ ವಿರೋಧಿಗಳ ಪತ್ರಗಳಲ್ಲಿ ಎಂಬುದನ್ನು ಗಮನಿಸಬೇಕು. ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿನ ಹೆಸರಷ್ಟೇ ಬರುವುದನ್ನು ಸಿಪ್ರಿಯನ್ ಬೇರೆಯಾಗಿ ವಿವರಿಸಿದನು. ಆ ಮಾತು ಪಿತನನ್ನು ಮೊದಲೇ ಅರಿತಿದ್ದ ಯೆಹೂದ್ಯರಿಗೆ ಸಂಬಂಧಿಸಿದ್ದು; ಅನ್ಯಜನರಿಗೆ ಮತ್ತಾಯನ ಸುವಾರ್ತೆಯ ಕೊನೆಯಲ್ಲಿರುವ ತ್ರಯೈಕ್ಯದ ಪೂರ್ಣ ನಾಮವೇ ಅಗತ್ಯ.

256ರ ಸೆಪ್ಟೆಂಬರ್ 1ರಂದು ಕಾರ್ಥೇಜಿನಲ್ಲಿ ನಡೆದ ಪರಿಷತ್ತಿನಲ್ಲಿ 87 ಬಿಷಪರ ಅಭಿಪ್ರಾಯಗಳು ಸಿಪ್ರಿಯನ್‌ನ ಪರವಾಗಿ ದಾಖಲಾದವು. ಕಪ್ಪದೋಕಿಯದ ಫರ್ಮಿಲಿಯನ್ ಕೂಡ ಬೆಂಬಲಿಸಿದನು. ವಿವಾದ ಇತ್ಯರ್ಥವಾಗುವ ಮುನ್ನವೇ ಸ್ಟೀಫನ್ ತೀರಿಕೊಂಡನು. ವಲೇರಿಯನ್‌ನ ದಮನಕಾಲದಲ್ಲಿ ಸಿಪ್ರಿಯನ್ ಕುರುಬಿಸ್‌ಗೆ ಗಡಿಪಾರಾಗಿ, 258ರ ಸೆಪ್ಟೆಂಬರ್ 14ರಂದು ಶಿರಚ್ಛೇದಕ್ಕೊಳಗಾದನು.

314ರ ಆರ್ಲ್ ಪರಿಷತ್ತು ತ್ರಯೈಕ್ಯದ ಹೆಸರಿನಲ್ಲಿ ದೀಕ್ಷೆ ಪಡೆದು ಬಂದವರಿಗೆ ಹಸ್ತನಿಕ್ಷೇಪ ಸಾಕೆಂದು ವಿಧಿಸಿ, ಆಫ್ರಿಕಾದ ಸಂಪ್ರದಾಯವನ್ನು ಕೈಬಿಡಿಸಿತು. ಸಿಪ್ರಿಯನ್‌ನನ್ನು ಆಧಾರವಾಗಿ ಹಿಡಿದ ಡೊನಾಟಿಸ್ಟರಿಗೆ ಉತ್ತರಿಸುತ್ತ ಸುಮಾರು 400ರಲ್ಲಿ ಅಗಸ್ಟೀನನು ಆತನ ವಾದವನ್ನು ತಿರಸ್ಕರಿಸಿದರೂ, ಭಿನ್ನಮತದ ನಡುವೆಯೂ ಆತನು ಸಹಭಾಗಿತ್ವವನ್ನು ಮುರಿಯಲಿಲ್ಲವೆಂಬುದನ್ನು ಎತ್ತಿಹಿಡಿದನು. ಹೀಗೆ ಪಾಶ್ಚಾತ್ಯ ಸಭೆಯು ಸಿಪ್ರಿಯನ್‌ನ ಸಿದ್ಧಾಂತವನ್ನು ಬಿಟ್ಟು, ಆತನನ್ನು ಸಂತನೆಂದು ಉಳಿಸಿಕೊಂಡಿತು.