ಭೂಮಿಯ ಹಸಿವನ್ನರಿತ ಲೀಬಿಗ್

ಯೂಸ್ಟುಸ್ ಲೀಬಿಗನು ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1803ನೆಯ ಇಸವಿ ಮೇ 12ರಂದು ಜನಿಸಿದನು. ತಂದೆ ಬಣ್ಣ ಮತ್ತು ರಾಸಾಯನಿಕ ದ್ರವ್ಯಗಳ ವ್ಯಾಪಾರಿ. 1816ರಲ್ಲಿ ಯೂರೋಪಿಗೆ ಬೇಸಗೆಯೇ ಬಾರದೆ ಬೆಳೆ ಕೆಟ್ಟಿತು. ಜನರು ತುತ್ತು ಕೂಳಿಗಾಗಿ ಪರಿತಪಿಸಿದರು. ಹದಿಮೂರರ ಬಾಲಕನು ಕಂಡ ಈ ಕ್ಷಾಮವೇ ಆತನ ಮುಂದಿನ ಸಾಧನೆಗೆ ಬೀಜವಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಪ್ಯಾರಿಸ್ಸಿನಲ್ಲಿ ಗೇ-ಲುಸಾಕನ ಬಳಿ ವ್ಯಾಸಂಗ ಮಾಡಿ, ಇಪ್ಪತ್ತೊಂದನೆಯ ವಯಸ್ಸಿಗೇ ಗೀಸೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದನು. ಹಳೆಯ ಸೈನಿಕ ವಸತಿಯ ಕಾವಲುಮನೆಯೇ ಪ್ರಯೋಗಶಾಲೆ. ಅಲ್ಲಿಗೆ ದೇಶವಿದೇಶಗಳ ಶಿಷ್ಯರು ಬಂದು ಸೇರಿದರು.

1840ರಲ್ಲಿ ಪ್ರಕಟವಾದ ಆತನ ಕೃಷಿರಸಾಯನ ಗ್ರಂಥವು ಸಸ್ಯವು ಇಂಗಾಲವನ್ನು ಗಾಳಿಯಿಂದಲೂ ಖನಿಜಾಂಶಗಳನ್ನು ಮಣ್ಣಿನಿಂದಲೂ ಪಡೆಯುವುದೆಂದು ಸಾರಿತು. ಉಳಿದೆಲ್ಲ ಪೋಷಕಗಳು ಯಥೇಷ್ಟವಾಗಿದ್ದರೂ ಅತ್ಯಂತ ಕೊರತೆಯಾದದ್ದೇ ಇಳುವರಿಯ ಮಿತಿಯನ್ನು ನಿರ್ಧರಿಸುವುದೆಂಬ ತತ್ತ್ವವು ಲೋಕಪ್ರಸಿದ್ಧವಾಯಿತು. ಇದನ್ನು ಮೊದಲು ಹೇಳಿದವನು ಕಾರ್ಲ್ ಸ್ಪ್ರೆಂಗೆಲ್; ಕೀರ್ತಿ ಮಾತ್ರ ಲೀಬಿಗನ ಪಾಲಾಯಿತು.

ಆತನ ಜೀವನದಲ್ಲಿ ವಿಶೇಷವಾಗಿ ಮನನೀಯವಾದುದು ಸೋಲು. 1845ರಲ್ಲಿ ಹೊರತಂದ ಗೊಬ್ಬರದ ಲವಣಗಳು ಮಳೆಯಲ್ಲಿ ಕೊಚ್ಚಿಹೋಗಬಾರದೆಂದು ಅವನ್ನು ಕರಗದಂತೆ ಮಾಡಿದ್ದನು. ಕರಗದ ಲವಣವನ್ನು ಬೇರು ಹೀರುವುದೆಂತು? ಬೆಳೆ ಏಳಲಿಲ್ಲ. ಮಳೆನೀರಿನ ಅಮೋನಿಯವೇ ಸಾಕೆಂಬ ಆತನ ವಾದವನ್ನೂ ಇಂಗ್ಲೆಂಡಿನ ಲಾಸ್ ಮತ್ತು ಗಿಲ್ಬರ್ಟರ ಪ್ರಯೋಗಗಳು ಅಲ್ಲಗಳೆದವು. ಮಣ್ಣು ತಾನೇ ಲವಣಗಳನ್ನು ಹಿಡಿದಿಡುವುದೆಂದು ತಿಳಿದ ಮೇಲೆ, ಸ್ವಭಾವತಃ ಹಟವಾದಿಯಾದ ಲೀಬಿಗನು ಗೊಬ್ಬರದ ವಿಷಯದ ತನ್ನ ಪ್ರಮಾದವನ್ನು 1862ರಲ್ಲಿ ಗ್ರಂಥಮುಖೇನ ಒಪ್ಪಿಕೊಂಡನು.

1873ರ ಏಪ್ರಿಲ್ 18ರಂದು ಮ್ಯೂನಿಕ್ಕಿನಲ್ಲಿ ದಿವಂಗತನಾದನು. ಸಸ್ಯಗಳಿಗೆ ಅಣುಮಾತ್ರ ಸತುವೂ ಬೇಕೆಂಬುದು ಆತನಿಗೆ ಗೋಚರವಾಗಿರಲಿಲ್ಲ. ಅದು 1926ರಲ್ಲಿ ಸಿದ್ಧಪಟ್ಟಿತು. ಸುಣ್ಣಾಂಶ ಹೆಚ್ಚಿರುವ ನೆಲದಲ್ಲಿ ಸತುವಿದ್ದರೂ ಬೇರಿಗೆ ದಕ್ಕದು, ಲೀಬಿಗನ ಗೊಬ್ಬರದ ಪಾಡೇ ಅದಕ್ಕೂ. ಅಂಥ ನೆಲದ ಗೋಧಿಯನ್ನೇ ನಂಬಿದ ಮನೆಗಳಲ್ಲಿ ಹೊಟ್ಟೆ ತುಂಬಿದರೂ ಮಕ್ಕಳ ಬೆಳವಣಿಗೆ ಕುಂಠಿತವಾಗುವುದುಂಟು. ಟರ್ಕಿಯ ಮಧ್ಯ ಅನಟೋಲಿಯದ ಹೊಲಗಳಲ್ಲಿ 1990ರ ದಶಕದಲ್ಲಿ, ನೀರಿನಲ್ಲಿ ಸುಲಭವಾಗಿ ಕರಗುವ ಸತುವಿನ ಸಲ್ಫೇಟನ್ನು ಕೊಡಲಾಗಿ ಇಳುವರಿ ಗಣನೀಯವಾಗಿ ಏರಿತು. ತೆನೆಬಿಟ್ಟ ಮೇಲೆ ಎಲೆಗಳಿಗೆ ಸಿಂಪಡಿಸಿದರೆ ಕಾಳಿಗೂ ಸತುವು ಸೇರುವುದು. ತಳಿಸಂಕರದ ಮಾರ್ಗವೂ ಫಲಿಸಿದೆ. ಸಾಮಾನ್ಯ ಗೋಧಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 32 ಭಾಗ ಸತುವಿದ್ದರೆ, ಕರ್ನಾಲಿನಲ್ಲಿ ರೂಪುಗೊಂಡು 2017ರಲ್ಲಿ ಬಿಡುಗಡೆಯಾದ ಡಬ್ಲ್ಯೂಬಿ 02 ತಳಿಯಲ್ಲಿ 42 ಭಾಗವಿದೆ.